ಹೆಂಗಸರ ಬೀರು

ಬೆಲ್ಲದ ಪಾಕ ಹದಕ್ಕೆ ಬರುವ ಸ್ವಲ್ಪ ಮುಂಚೆ ಒಂದು ವಾಸನೆ ಏಳುತ್ತದೆ. ಪೂರ್ತಿ ಸಿಹಿಯೂ ಅಲ್ಲ, ಸೀದದ್ದೂ ಅಲ್ಲ. ಆಲೆಮನೆಯ ಹೊಗೆಯನ್ನು ದೂರದಿಂದ ಮೂಸಿದ ಹಾಗೆ. ಮೊನ್ನೆ ದೀಪಾವಳಿಗೆ ಕಜ್ಜಾಯಕ್ಕೆಂದು ಪಾಕ ಇಟ್ಟು, ಒಂದು ಹನಿಯನ್ನು ನೀರಿನ ಬಟ್ಟಲಿಗೆ ಬಿಟ್ಟು, ಉಂಡೆ ಕಟ್ಟುತ್ತದೆಯೇ ಎಂದು ಬೆರಳಲ್ಲಿ ಉರುಳಿಸಿ ನೋಡುತ್ತಿದ್ದೆ. ಆ ವಾಸನೆ ಮೂಗಿಗೆ ಬಂದದ್ದೇ ತಡ, ಎದುರುಮನೆಯ ದೊಡ್ಡಮ್ಮ ನೆನಪಾದರು. ಅವರ ಬೆನ್ನಿಗೇ ಸಿಟ್ಟೂ ಬಂತು. ಒಲೆ ಆರಿಸಿ ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟೆ. ಪಾಕ ಕಲ್ಲಾಯಿತು. ಆಗಲಿ.

ದೊಡ್ಡಮ್ಮ ನಮಗೆ ನೆಂಟರೇನೂ ಅಲ್ಲ. ಒಂಟಿಕೊಪ್ಪಲಿನಲ್ಲಿ ನಮ್ಮ ಮನೆಯ ಎದುರಿಗೆ ಅವರ ಯಜಮಾನರ ಸೌದೆ ಡಿಪೋ ಇತ್ತು, ಅದರ ಹಿಂದೆಯೇ ಮನೆ. ಕಡಕೊಳದ ಕಡೆಯ ಹಳ್ಳಿಯಿಂದ ಬಂದ ಬೇಸಾಯದ ಮನೆತನ. ಹುಡುಗಿಯರನ್ನು ಸ್ಕೂಲಿಗೆ ಕಳಿಸುವುದೇ ಇಲ್ಲದ ಕಾಲದಲ್ಲಿ ಅವರಪ್ಪ ಹಟ ಹಿಡಿದು ಮಗಳಿಗೆ ಓದು ಕಲಿಸಿದ್ದರಂತೆ. ಮದುವೆಯಾಗಿ ಮೈಸೂರಿಗೆ ಬಂದಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನ ದೊಡ್ಡಪ್ಪ ಊಟಕ್ಕೆ ಒಳಗೆ ಹೋದಾಗ ಡಿಪೋದಲ್ಲಿ ಇವರು ಕೂರುತ್ತಿದ್ದರು. ಹುಣಸೆ ಕೊರಡೊಂದರ ಮೇಲೆ ಕುಳಿತು, ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಓದುವರು. ಸೌದೆಗೆ ಹೋದ ನಾವು ಕಾಯಬೇಕು. “ತಡಿ ಮಗ, ಈ ಪುಟ ಮುಗೀಲಿ. ನಿಮ್ಮ ಸೌದೆ ಎಲ್ಲೂ ಓಡೋಗಕಿಲ್ಲ,” ಎನ್ನುವರು. ಒಲೆಗೆ ಸೌದೆ ಸಾಲದೆ ನಮ್ಮಮ್ಮ ಬಾಗಿಲಲ್ಲಿ ನಿಂತು ಕೂಗಿದರೂ ಆ ಪುಟ ಮುಗಿಯದೆ ತಕ್ಕಡಿ ಏಳುತ್ತಿರಲಿಲ್ಲ.

ಬೀದಿಯ ಕೊನೆಗೆ ಒಂದು ವಾಚನಾಲಯವಿತ್ತು. ಒಳಗೆ ದೊಡ್ಡ ಹಾಲು, ಗೋಡೆಯ ಉದ್ದಕ್ಕೂ ಗಾಜಿನ ಬಾಗಿಲಿನ ಬೀರುಗಳು. ಒಂದೊಂದರ ಹಣೆಯ ಮೇಲೂ ಬಿಳಿ ಬಣ್ಣದಲ್ಲಿ ಬರೆದಿತ್ತು: ಕಾದಂಬರಿ, ಕಾವ್ಯ, ಚರಿತ್ರೆ, ಶಾಸ್ತ್ರ, ಅದ್ಭುತ ಕಥೆಗಳು. ಗಂಡಸರು ಬರುವರು, ಬೀರು ತೆಗೆಯುವರು, ಒಂದನ್ನು ಎಳೆದು ಎರಡು ಪುಟ ತಿರುವಿ ಬೇಡವೆಂದು ಮತ್ತೆ ತುರುಕುವರು. ಬೇಡ ಅನ್ನುವ ಆ ಸುಖವನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಹೆಂಗಸರಿಗೆ ಹಾಲಿಗೆ ಪ್ರವೇಶವಿರಲಿಲ್ಲ. ನಮಗೆ ಗುರುವಾರ ಮಧ್ಯಾಹ್ನ, ಪಕ್ಕದ ಜಗಲಿಯಲ್ಲಿ, ಒಂದೇ ಒಂದು ಮರದ ಬೀರು. ಹೆಂಗಸರ ಬೀರು ಎಂದೇ ಅದರ ಹೆಸರು. ಅದರೊಳಗೆ ಅಡುಗೆ, ಹಸೆಯ ಹಾಡು, ವ್ರತದ ಕಥೆ, ಕೂಸಿನ ಆರೈಕೆ, ಗಂಡನ ಮನೆಯಲ್ಲಿ ಹೇಗಿರಬೇಕು ಎಂಬ ಬುದ್ಧಿವಾದ... ಇಷ್ಟೇ. ಅಡುಗೆ ಬಾರದೆ ಹೆಂಗಸರು ವಾಚನಾಲಯಕ್ಕೆ ಬರುತ್ತಾರೆ ಎಂದು ಯಾರಿಗೆ ಅನ್ನಿಸಿತ್ತೋ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ಬೀರುವಿಗೆ ಏನು ಸೇರಬೇಕೆಂದು ತೀರ್ಮಾನಿಸುತ್ತಿದ್ದವರು ವಾಚನಾಲಯದ ಕಾರ್ಯದರ್ಶಿಗಳು. ಯಾದವಗಿರಿಯ ಬಂಗಲೆಯಿಂದ ಕೊಡೆ ಹಿಡಿದು ನಡೆದು ಬರುತ್ತಿದ್ದ ನಿವೃತ್ತ ಅಧಿಕಾರಿ. ಗದರುವವರಲ್ಲ, ಎಲ್ಲ ಹೆಂಗಸರನ್ನೂ ‘ತಾಯಿ’ ಎಂದೇ ಕರೆಯುವರು. ಗದರಿದ್ದರೆ ಎದುರು ಮಾತಾಡಬಹುದಿತ್ತು. ಹೂ ಎತ್ತಿದ ಹಾಗೆ ಮಾತಾಡುತ್ತಾ ಬಾಗಿಲು ಹಾಕುವವರಿಗೆ ಏನು ಹೇಳುವುದು?

ದೊಡ್ಡಮ್ಮ ಚೀಲ ಹಿಡಿಯಲು ನನ್ನನ್ನು ಕರೆದುಕೊಂಡು ಪ್ರತಿ ಗುರುವಾರವೂ ಹೋಗುತ್ತಿದ್ದರು. “ಈ ಬೀರೂನ ಉತ್ತು ಬಿತ್ತಿ ಕುಯ್ದಾಯ್ತು ಕಣಮ್ಮಿ. ಈಗ ಕುಯ್ದ ಬುಡದಲ್ಲೇ ಚಿಗುರೋ ಕೂಳೆ ಬೆಳೆ ನಡೀತಾ ಅದೆ,” ಎಂದು ನಗುತ್ತಾ ಓದಿದ್ದನ್ನೇ ಮತ್ತೆ ತರುವರು. ಹಾಗಿರುವಾಗ ಒಂದು ದೀಪಾವಳಿಯ ಮುಂಚೆ ಆ ಬೀರುವಿನಲ್ಲಿ ದಪ್ಪನೆಯ ಹೊಸ ಪುಸ್ತಕವೊಂದು ಕಂಡಿತು. ಬೆನ್ನಿನ ಮೇಲೆ ಪಾಕ ಎಂಬ ಮಾತು ಎದ್ದು ಕಾಣುವಂತೆ ಅಚ್ಚಾಗಿತ್ತು. ಹಬ್ಬಕ್ಕಾಯಿತು ಎಂದು ದೊಡ್ಡಮ್ಮ ಎತ್ತಿಕೊಂಡರು.

ಮಾರನೆಯ ದಿನವೇ ಅದನ್ನು ಹಿಡಿದು ನಮ್ಮ ಅಡುಗೆಮನೆಗೆ ಬಂದರು. “ನೋಡವ್ವ, ದ್ರಾಕ್ಷಿ ಪಾಕವಂತೆ, ಬಾಳೆಹಣ್ಣಿನ ಪಾಕವಂತೆ, ತೆಂಗಿನಕಾಯಿ ಪಾಕವಂತೆ. ಬೆಲ್ಲ ಎಷ್ಟು ಅಂತ ಒಂದು ಕಡೇನೂ ಬರ್ದಿಲ್ಲ. ಇವನೆಂಥ ಭಟ್ಟ?”

ನಮ್ಮಮ್ಮ ರುಬ್ಬುವ ಕಲ್ಲಿನಿಂದ ತಲೆ ಎತ್ತದೆ, “ಗಂಡಸು ಬರೆದಿರ್ಬೇಕು ಬಿಡಿ. ಒಲೆ ಮುಂದೆ ಕೂತಿದ್ರೆ ತಾನೆ ಅಳತೆ ಗೊತ್ತಾಗೋದು,” ಎಂದರು. ಇಬ್ಬರೂ ನಕ್ಕರು.

ಅದು ಕಾವ್ಯದ ಶಾಸ್ತ್ರ ಹೇಳುವ ಪುಸ್ತಕವಾಗಿತ್ತು. ಬಾಯಿಗಿಟ್ಟೊಡನೆ ರಸ ಕೊಡುವ ಪದ್ಯ ದ್ರಾಕ್ಷಾಪಾಕ, ಸಿಪ್ಪೆ ಸುಲಿದು ತಿನ್ನಬೇಕಾದದ್ದು ಕದಳೀಪಾಕ, ಚಿಪ್ಪು ಒಡೆಯದೆ ತಿರುಳು ಸಿಗದ್ದು ನಾರಿಕೇಳಪಾಕ ಎಂದು ಹಿಂದಿನವರು ವಿಂಗಡಿಸಿದ್ದನ್ನು ವಿವರಿಸಿತ್ತು. ಕಾರ್ಯದರ್ಶಿಗಳು ಬೆನ್ನಿನ ಮೇಲಿನ ಒಂದು ಮಾತನ್ನು ಓದಿ ಅದನ್ನು ಹೆಂಗಸರ ಬೀರುವಿಗೆ ಹಾಕಿಬಿಟ್ಟಿದ್ದರು. ಇದು ದೊಡ್ಡಮ್ಮನಿಗೆ ಹೊಳೆದದ್ದು ನಾಲ್ಕಾರು ದಿನ ಕಷ್ಟಪಟ್ಟು ಓದಿದ ಮೇಲೆ. ಹೊಳೆದಮೇಲೆ ಪುಸ್ತಕವನ್ನು ಕೆಳಗಿಡಲಿಲ್ಲ. ಕೆಲವು ಪುಟ ಎರಡು ಮೂರು ಸಲ ಓದುವರು. ಅರ್ಥವಾಗದ ಮಾತು ಬಂದರೆ ನನ್ನ ಸ್ಕೂಲಿನ ಮೇಡಮ್ಮನ್ನು ಕೇಳಿಕೊಂಡು ಬಾ ಎಂದು ಅಟ್ಟುವರು.

ಅದರಲ್ಲಿ ಉದಾಹರಣೆಗೆಂದು ಕೊಟ್ಟ ಪದ್ಯಗಳು ಎಲ್ಲವೂ ತುಂಡು ತುಂಡು. ಅದೇ ಅವರ ಹಸಿವು ಕೆರಳಿಸಿತು ಎಂದು ಈಗ ಅನ್ನಿಸುತ್ತದೆ. ಒಂದು ಸಂಜೆ ಡಿಪೋದಲ್ಲಿ ಸೌದೆ ಒಟ್ಟುತ್ತಾ ತಮ್ಮದೇ ಒಂದು ಶಾಸ್ತ್ರ ಹೇಳಿದರು. “ಅವನು ಹೇಳಿರೋದು ಪದ್ಯಕ್ಕೆ ಮಾತ್ರ. ಮಿಕ್ಕಿದ್ದಕ್ಕೆ ನಾನೇ ಹೆಸರಿಕ್ತೀನಿ ನೋಡು. ಕಾದಂಬರಿ ಅಂದ್ರೆ ಮುದ್ದೆ. ಅಗಿಯೋ ಅಂಗೇ ಇಲ್ಲ, ನುಂಗ್ತಾ ಓಗ್ತಾ ಇರೋದೇಯ. ರೆಕ್ಕೆ ಕುದ್ರೆ, ಮಾಯದ ಉಂಗ್ರ, ಅಂತಾ ಕಥೆ ಬೊಂಬಾಯ್ ಮಿಠಾಯಿ. ಬಾಯಿಗಿಟ್ರೆ ಕರಗೋಯ್ತದೆ, ಆದ್ರೂ ಬೇಕು. ಶಾಸ್ತ್ರ, ಚರಿತ್ರೆ ಅನ್ನೋವು ಕಬ್ಬು. ದವಡೆ ನೋವ್ತದೆ, ಅಗಿದವರಿಗೇ ರಸ. ಒಂದೇ ತಿಂದ್ಕೊಂಡಿದ್ರೆ ನಾಲಿಗೆ ಜಡ್ಡುಗಟ್ಟೋಗ್ತದೆ ಕಣಮ್ಮಿ. ಎಲ್ಲಾದ್ರಲ್ಲೂ ಒಂದೊಂದು ತರ್ಬೇಕು.”

ಅಷ್ಟೇ ಅವರಿಗೆ ಬೇಕಾಗಿದ್ದುದು. ಹಾಲಿನ ಬೀರುಗಳಿಂದ ಒಂದೊಂದು, ತಮ್ಮ ಕೈಯಾರೆ ಆರಿಸಿಕೊಂಡದ್ದು. ಬಂಗಾರ ಕೇಳಲಿಲ್ಲ, ಯಾತ್ರೆ ಕೇಳಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಚುನಾವಣೆ ನಡೆದಿತ್ತು. ದೊಡ್ಡಮ್ಮ ಹೊಸ ಸೀರೆ ಉಟ್ಟು ಹೋಗಿ ವೋಟು ಹಾಕಿ ಬಂದಿದ್ದರು. ದೇಶವನ್ನು ಆಳುವವರನ್ನು ಆರಿಸಬಲ್ಲ ಹೆಂಗಸು ತಾನು ಓದುವ ಪುಸ್ತಕವನ್ನು ಆರಿಸುವ ಹಾಗಿರಲಿಲ್ಲ. ಇದರಲ್ಲಿ ಏನೋ ಸರಿಯಿಲ್ಲ ಎಂದು ನಮ್ಮ ಬೀದಿಯ ಒಬ್ಬ ಗಂಡಸಿಗೂ ಅನ್ನಿಸಲಿಲ್ಲ.

ಮೊದಲು ದೊಡ್ಡಪ್ಪನನ್ನು ಕಳಿಸಿದರು. ದೊಡ್ಡಪ್ಪ ವಾಚನಾಲಯದ ಮೆಂಬರು, ಹಾಲಿಗೆ ಹೋಗಬಹುದು; ಆದರೆ ಅಕ್ಷರ ಬಾರದು. ಪಾಪ, ಹೆಂಡತಿ ಹೇಳಿಕೊಟ್ಟದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿ, ಒಂದು ಕಾವ್ಯ, ಒಂದು ಚರಿತ್ರೆ ಕೊಡಿ ಎಂದು ಕೇಳಿದರಂತೆ. ಯಾರಿಗೆ ಎಂದು ಕಾರ್ಯದರ್ಶಿಗಳು ಕೇಳಿದರಂತೆ. ಸುಳ್ಳು ಹೇಳಲು ಬಾರದ ಮನುಷ್ಯ, ನಮ್ಮನೆಯೋಳಿಗೆ ಎಂದುಬಿಟ್ಟರು. ಕೈಯಲ್ಲಿ ಉಪ್ಪಿನಕಾಯಿ ಪುಸ್ತಕ ಹಿಡಿದುಕೊಂಡು ವಾಪಸು ಬಂದರು.

ದೊಡ್ಡಮ್ಮ ಅದನ್ನು ನೋಡಿದರು. ಮುಖ ತೊಳೆದುಕೊಂಡು, ಸೆರಗು ಹೊದ್ದು, ಎರಡು ಪುಸ್ತಕವನ್ನೂ ಎತ್ತಿಕೊಂಡು, “ಬಾ ಮಗ,” ಎಂದು ನನ್ನನ್ನು ಕರೆದುಕೊಂಡು ಹೊರಟರು. ಗುರುವಾರವಲ್ಲ. ಜಗಲಿಯ ಕಡೆಗೂ ತಿರುಗಲಿಲ್ಲ. ನೇರ ಹಾಲಿನೊಳಕ್ಕೆ ನಡೆದರು. ಪತ್ರಿಕೆ ಓದುತ್ತಿದ್ದವರು ಪತ್ರಿಕೆ ಇಳಿಸಿ ನೋಡಿದರು. ಕಾರ್ಯದರ್ಶಿಗಳು ಕುರ್ಚಿಯಿಂದ ಎದ್ದು ನಿಂತರು. ಅಷ್ಟು ಮರ್ಯಾದೆಯವರು.

“ಏನು ತಾಯಿ, ದಾರಿ ತಪ್ಪಿ ಬಂದ್ಬಿಟ್ರಾ?”

“ಇಲ್ಲ ಸ್ವಾಮಿ, ಸರಿಯಾಗೇ ಬಂದಿವ್ನಿ. ಈ ಪುಸ್ತಕ ಓದಾಯ್ತು. ಈ ಬೀರುಗಳಿಂದ ಒಂದೊಂದು ಆರಿಸ್ಕೊಂಡು ಓಗವಾ ಅಂತ ಬಂದೆ.”

ಅವರು ಪಾಕದ ಪುಸ್ತಕವನ್ನು ಕೈಗೆ ತೆಗೆದುಕೊಂಡು, ತೆರೆದು, ಆಗಷ್ಟೇ ಮೊದಲ ಸಲ ಅದರ ಒಳಗನ್ನು ನೋಡಿದರು. ಮುಖದ ಮೇಲೆ ಒಂದು ನಗು ಹರಡುತ್ತಾ ಹೋದದ್ದನ್ನು ನಾನು ಕಂಡೆ. “ಅಯ್ಯೋ, ಇದನ್ನ ಅಡುಗೆ ಪುಸ್ತಕ ಅಂತ ತಗೊಂಡು ಹೋಗಿದ್ರಾ ನೀವು? ಕೇಳಿದ್ರೇನ್ರೀ, ಅಲಂಕಾರಶಾಸ್ತ್ರ ಓದಿ ಕಜ್ಜಾಯ ಮಾಡೋಕೆ ಹೊರಟಿದಾರೆ ನಮ್ಮ ಸೌದೆ ಡಿಪೋ ತಾಯಿ.”

ಹಾಲೆಲ್ಲ ನಕ್ಕಿತು. ಒಬ್ಬರು ದ್ರಾಕ್ಷಿ ಎಷ್ಟು ಸೇರು ಹಾಕಿದಿರಿ ಎಂದು ಕೇಳಿದರು. ಪುಸ್ತಕವನ್ನು ತಪ್ಪು ಬೀರುವಿಗೆ ಇಟ್ಟವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಒಳಗೇನಿದೆ ಎಂದು ನೋಡದೆ ವಿಂಗಡಿಸಿದವರು ನಗುತ್ತಿದ್ದರು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ನಗೆಪಾಟಲಾಗಿ ನಿಂತಿದ್ದರು. ಇದು ನಡೆದು ನಲವತ್ತು ವರ್ಷವಾಯಿತು.

ನಗು ಇಳಿದಮೇಲೆ ದೊಡ್ಡಮ್ಮ, “ಸರಿ ಸ್ವಾಮಿ. ಈಗ ಆರಿಸ್ಕೊಳ್ಳಾ?” ಎಂದರು.

“ಗುರುವಾರ ಬನ್ನಿ ತಾಯಿ. ನಿಮಗೆ ಸರಿಹೋಗೋದನ್ನ ನಾನೇ ತೆಗೆದಿಟ್ಟಿರ್ತೀನಿ.”

ಉಪ್ಪಿನಕಾಯಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಬಂದರು. ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದ ಅವರ ಕೈ ಬಿಸಿಯಾಗಿತ್ತು ಎಂಬುದು ನೆನಪು... ಮತ್ತೆ ಆ ಮೆಟ್ಟಿಲು ಅವರು ಹತ್ತಲಿಲ್ಲ.

ಆದರೆ ನಗು ಅಲ್ಲಿಗೆ ನಿಲ್ಲಲಿಲ್ಲ. ಕಾರ್ಯದರ್ಶಿಗಳು ಹೋದ ಮದುವೆ ಮುಂಜಿಗಳಲ್ಲೆಲ್ಲ ಆ ಕಥೆ ಹೇಳಿದರು. ಬೀದಿಯಲ್ಲಿ ದೊಡ್ಡಮ್ಮನಿಗೆ ಪಾಕದಮ್ಮ ಎಂದು ಹೆಸರು ಬಿತ್ತು. ನಮ್ಮ ತಂದೆಯವರೂ ಊಟಕ್ಕೆ ಕುಳಿತಾಗ ಅದನ್ನು ಹೇಳಿ ನಗುತ್ತಿದ್ದರು. ಒಂದು ದಿನ ನಮ್ಮಮ್ಮ ಸಾರಿನ ಪಾತ್ರೆ ಕುಕ್ಕಿ, “ಆ ಪುಸ್ತಕ ಅಲ್ಲಿಟ್ಟೋರ್ಗೆ ಏನಂತ ಹೆಸರಿಟ್ರಿ?” ಎಂದರು. ಆಮೇಲೆ ನಮ್ಮ ಮನೆಯಲ್ಲಿ ಆ ನಗು ನಿಂತಿತು. ಬೇರೆ ಮನೆಗಳಲ್ಲಿ ನಿಂತಿರಲಾರದು.

ದೊಡ್ಡಮ್ಮ ಓದು ಬಿಡಲಿಲ್ಲ. ಮಾರ್ಕೆಟ್ಟಿನ ಹತ್ತಿರ ಹಳೇ ಪೇಪರು ಕೊಳ್ಳುವ ಅಂಗಡಿಯೊಂದಿತ್ತು. ಅಲ್ಲಿ ರದ್ದಿಯ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹುಡುಕುವರು. ಅಂಗಡಿಯ ಸಾಬರು ಒಂದು ಗೋಣಿ ಹಾಸಿಕೊಟ್ಟು, “ನಿಧಾನ ನೋಡಿ ಅಮ್ಮ,” ಎಂದು ಸುಮ್ಮನಾಗುವರು. ಹೆಂಗಸರದು, ಗಂಡಸರದು ಎಂಬ ಭೇದ ರದ್ದಿಯಲ್ಲಿರಲಿಲ್ಲ. ಮುದ್ದೆ, ಕಬ್ಬು, ಮಿಠಾಯಿ, ದ್ರಾಕ್ಷಿ ಎಲ್ಲ ಅಲ್ಲೇ ಸಿಗುತ್ತಿತ್ತು, ಹರಿದದ್ದು, ಇಲಿ ಕಡಿದದ್ದು, ಕೊನೆಯ ಪುಟಗಳು ಹೋದದ್ದು. ತಲೆ ಕಡಿದ ರಾಕ್ಷಸ ಮತ್ತೆ ಬದುಕಿದನೋ ಇಲ್ಲವೋ ತಿಳಿಯದೆ, ಮನೆ ಬಿಟ್ಟು ಹೋದ ಸೊಸೆ ತಿರುಗಿ ಬಂದಳೋ ಇಲ್ಲವೋ ತಿಳಿಯದೆ ನಾವಿಬ್ಬರೂ ಕೊರಡುಗಳ ಮೇಲೆ ಕುಳಿತು ವಾದ ಮಾಡುತ್ತಿದ್ದೆವು. ಎಷ್ಟು ಕಥೆಗಳ ಕೊನೆ ಅವರಿಗೆ ತಿಳಿಯಲೇ ಇಲ್ಲ... ಪೂರ್ತಿ ಪುಸ್ತಕಗಳು ಅದೇ ಬೀದಿಯಲ್ಲಿ, ಗಾಜಿನ ಹಿಂದೆ, ಧೂಳು ತಿನ್ನುತ್ತಾ ನಿಂತಿದ್ದವು.

ನಾನು ಕಾಲೇಜು ಸೇರುವ ಹೊತ್ತಿಗೆ ಹಾಲಿನ ನಿಯಮ ಸಡಿಲವಾಗಿತ್ತು. ಹೊಸ ಕಾರ್ಯದರ್ಶಿ ಬಂದಿದ್ದರು, ಹುಡುಗಿಯರು ಒಳಗೆ ಹೋಗಬಹುದಿತ್ತು. ಓಡಿ ಹೋಗಿ ದೊಡ್ಡಮ್ಮನಿಗೆ ಹೇಳಿದೆ. ಆಗ ಅವರ ಕಣ್ಣಿಗೆ ಪೊರೆ ಬಂದು ಅಕ್ಷರಗಳು ಕಾಣುತ್ತಿರಲಿಲ್ಲ. “ಬಾಗ್ಲ ಈಗ ತಗುದ್ರಾ,” ಎಂದರು, ಅಷ್ಟೇ. ನಾನು ತಂದು ಓದಿ ಹೇಳಿದೆ, ಕೇಳಿದರು, ಸಂತೋಷವನ್ನೂ ಪಟ್ಟರು. ಆದರೆ ಬೀರುವಿನ ಮುಂದೆ ನಿಂತು ಒಂದನ್ನು ಎಳೆದು, ಬೇಡವೆಂದು ಮತ್ತೆ ತುರುಕುವುದು ಅವರ ಪಾಲಿಗೆ ಬರಲೇ ಇಲ್ಲ. ಅದನ್ನು ಯಾರೂ ಓದಿ ಹೇಳಲಾರರು. ಅರವತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ತಿಥಿಗೆ ಬಂದವರು ಎಂಥ ಕೈರುಚಿ, ಎಂಥ ಗೃಹಿಣಿ ಎಂದು ಹೊಗಳಿದರು. ದೊಡ್ಡಮ್ಮನ ಸಾರಿಗೆ ಉಪ್ಪಿದ್ದರೆ ಹುಳಿಯಿರುತ್ತಿರಲಿಲ್ಲ. ಒಲೆಯ ಮುಂದೆಯೂ ಓದುತ್ತಿದ್ದ ಆಸಾಮಿ. ಓದುತ್ತಿದ್ದರು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ.

ಈಗ ನಾನಿರುವುದು ಸಿದ್ಧಾರ್ಥನಗರದಲ್ಲಿ. ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಗ್ರಂಥಾಲಯವಿದೆ. ಹೋದ ವಾರ ಪುಸ್ತಕ ಬದಲಿಸಲು ಹೋಗಿದ್ದೆ. ಮೇಜಿನ ಹಿಂದೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ನಗುಮುಖದವಳು. ನಾನು ಚರಿತ್ರೆಯ ಕಪಾಟಿನ ಮುಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದೆ. ಅವಳೇ ಎದ್ದು ಬಂದಳು.

“ಆಂಟಿ, ನಿಮಗೆ ಬೇಕಾದ್ದು ಆ ಕಡೆ ಇದೆ. ಅಡುಗೆ, ಆರೋಗ್ಯ, ದೇವರ ಪುಸ್ತಕ ಎಲ್ಲ ಒಂದೇ ಕಡೆ ಜೋಡಿಸಿದೀನಿ. ನಿಮ್ಮಂಥವರಿಗೆ ಹುಡುಕೋ ಕಷ್ಟ ಇರಲ್ಲ.”

“ನನಗೆ ಬೇಕಾದ್ದು ಏನು ಅಂತ ನಿನಗೆ ಯಾರಮ್ಮ ಹೇಳಿದ್ದು?” ಎಂದೆ.

ಅವಳು ಗಲಿಬಿಲಿಗೊಂಡಳು. “ಸಾಮಾನ್ಯವಾಗಿ ಎಲ್ಲರೂ ಅದನ್ನೇ ಕೇಳ್ತಾರೆ ಆಂಟಿ.”

“ನನ್ನನ್ನ ಇನ್ನೂ ಕೇಳಿಲ್ಲವಲ್ಲ,” ಎಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಓದುತ್ತಿದ್ದವರು ತಲೆ ಎತ್ತಿದರು. ಎತ್ತಲಿ.

ಆಮೇಲೆ ನಾನು ಕಪಾಟಿನಿಂದ ಕಪಾಟಿಗೆ ನಿಧಾನವಾಗಿ ನಡೆದೆ. ಎಳೆದು ನೋಡಿದೆ, ಬೇಡವೆಂದು ಒಳಗಿಟ್ಟೆ, ಮತ್ತೊಂದು ಎಳೆದೆ. ಬಾಗಿಲು ಹಾಕುವ ಹೊತ್ತಾಯಿತೆಂದು ಆ ಹುಡುಗಿ ಗಡಿಯಾರ ನೋಡಿದಳು, ಆದರೆ ಮತ್ತೆ ಕುರ್ಚಿಗೆ ಹೋಗಿ ಕುಳಿತಳು. ಒಂದು ಪದ್ಯದ್ದು, ಒಂದು ಕಾದಂಬರಿ, ನಕ್ಷತ್ರಗಳ ವಿಷಯ ಒಂದು, ಮಾಂತ್ರಿಕರ ಕಥೆ ಒಂದು, ಮೇಜಿನ ಮೇಲಿಟ್ಟೆ. ಅವಳು ಒಂದೊಂದನ್ನೂ ತಿರುಗಿಸಿ ನೋಡಿ, ಮುದ್ರೆ ಒತ್ತಿ ಕೊಟ್ಟಳು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡೆ. ಇವುಗಳಲ್ಲಿ ಮೊದಲು ಯಾವುದನ್ನು ತೆಗೆಯೋಣ ಎಂದು ದೊಡ್ಡಮ್ಮನನ್ನು ಕೇಳಬೇಕೆನಿಸಿತು. ಕೇಳುವುದಕ್ಕೆ ಯಾರೂ ಇರಲಿಲ್ಲ.