ಡೆಲ್ರಾಯ್ ಹೇಳಿದ ‘ನಾ’

ನನಗೆ ನಾಲ್ಕು ಭಾಷೆಗಳು ಬರುತ್ತವೆ. ಕನ್ನಡ, ಇಂಗ್ಲಿಷ್, ಬಸ್ಸಿನಲ್ಲಿ ಪಂಜಾಬಿಗಳ ಪಕ್ಕ ಕೂತು ಕಲಿತ ಮುರುಕು ಹಿಂದಿ, ಮತ್ತು ಜಮೈಕಾದವರು ಮಾತಾಡುವ ಪಾಟ್ವಾ. ನಾಲ್ಕನೆಯದನ್ನು ಯಾವ ಅರ್ಜಿಯಲ್ಲೂ ಬರೆದುಕೊಂಡಿಲ್ಲ. ಒಮ್ಮೆ ಸರಕಾರಿ ಅಧಿಕಾರಿಯೊಬ್ಬರು ನೇರವಾಗಿ ಕೇಳಿದಾಗ ‘ಅಷ್ಟಾಗಿ ತಿಳಿಯುವುದಿಲ್ಲ’ ಎಂದುಬಿಟ್ಟೆ. ಆ ಸುಳ್ಳಿನ ವಿಷಯವನ್ನು ನಿಮಗೆ ಹೇಳಬೇಕು.

ತೊಂಬತ್ತರ ದಶಕದ ನಡುವೆ ಮೈಸೂರಿನಿಂದ ಟೊರಾಂಟೊಗೆ ಬಂದಿಳಿದಾಗ ನನ್ನ ಸೂಟ್‌ಕೇಸಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿಪತ್ರದ ಮೂರು ದೃಢೀಕೃತ ಪ್ರತಿಗಳಿದ್ದವು. ಒಂದನ್ನೂ ಯಾರೂ ತೋರಿಸು ಎನ್ನಲಿಲ್ಲ. ಎಟೋಬಿಕೋಕಿನ ಕಾರ್ಖಾನೆಯೊಂದರಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಮಡಿಸಿ ಅಂಟಿಸುವ ಕೆಲಸ ಸಿಕ್ಕಿತು. ನಾಲ್ಕು ತಿಂಗಳ ಮಟ್ಟಿಗೆ ಎಂದು ಹೆಂಡತಿಗೆ ಹೇಳಿದೆ. ಎರಡು ವರ್ಷವಾಯಿತು.

ನನ್ನ ಪಕ್ಕದ ಯಂತ್ರ ಡೆಲ್ರಾಯ್‌ನದು. ರಟ್ಟಿನ ಚೂರುಗಳನ್ನೆಲ್ಲ ಒತ್ತಿ ದೊಡ್ಡ ಮೂಟೆ ಮಾಡುವ ಯಂತ್ರ. ಜಮೈಕಾದವನು; ಐವತ್ತು ದಾಟಿದ, ಎತ್ತರದ, ಮೆಲ್ಲಗೆ ಮಾತಾಡುವ ಮನುಷ್ಯ. ನಾನು ಬಂದ ವಾರವೇ ನಮ್ಮ ಕನ್ನಡದವರೊಬ್ಬರು, “ಆ ಐಲ್ಯಾಂಡ್ ಜನದ ಹತ್ರ ಸ್ವಲ್ಪ ಡಿಸ್ಟೆನ್ಸ್ ಇಟ್ಕೊಳ್ಳಿ” ಎಂದು ಬುದ್ಧಿ ಹೇಳಿದ್ದರು. ನಾನು ಪಾಲಿಸಿದೆ. ಮೊದಲ ತಿಂಗಳೆಲ್ಲ ಊಟದ ಡಬ್ಬಿ ಹಿಡಿದು ಅವನ ಮೇಜು ಬಿಟ್ಟು ಬೇರೆ ಕಡೆ ಕೂತೆ. ಒಂದು ದಿನ ಬೇರೆ ಕಡೆ ಜಾಗವೇ ಇರಲಿಲ್ಲ. ಡೆಲ್ರಾಯ್ ಎದುರಿನ ಕುರ್ಚಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿ, ನನ್ನ ಚಿತ್ರಾನ್ನವನ್ನೇ ನೋಡುತ್ತಾ, “ವಾ ಯು ಎ ನ್ಯಾಮ್?” ಎಂದ. ನಾನು ಪಿಳಿಪಿಳಿ ಕಣ್ಣುಬಿಟ್ಟೆ. ಅವನು ಬೆರಳನ್ನು ಬಾಯಿಗೆ ತೋರಿಸಿದ. ನ್ಯಾಮ್ ಅಂದರೆ ತಿನ್ನು.

ಹಾಗೆ ಪಾಠ ಶುರುವಾಯಿತು. ಅವನ ಡಬ್ಬಿಯಲ್ಲಿ ತೆಂಗಿನ ಹಾಲಿನಲ್ಲಿ ಕಾಳು ಹಾಕಿ ಬೇಯಿಸಿದ ಅನ್ನ ಇರುತ್ತಿತ್ತು. ನಾನು ಮಾಂಸ ತಿನ್ನುವುದಿಲ್ಲವೆಂದು ಪಕ್ಕದ ಕೋಳಿಯನ್ನು ಅತ್ತ ಸರಿಸಿ ಒಂದು ಚಮಚ ಕೊಡುತ್ತಿದ್ದ. ಅವನ ಪಾಟ್ವಾ ಕೆಟ್ಟ ಇಂಗ್ಲಿಷ್ ಎಂದೇ ನಾನು ತಿಳಿದಿದ್ದೆ. ಕೇಳುತ್ತಾ ಹೋದ ಹಾಗೆ ಕೆಟ್ಟಿರುವುದು ನನ್ನ ಕಿವಿ ಎಂದು ಗೊತ್ತಾಯಿತು. ಇಂಗ್ಲಿಷಿನವರಿಗೆ ಒಬ್ಬನಾದರೂ ಯೂ, ಹತ್ತು ಜನರಾದರೂ ಯೂ. ಇವರಲ್ಲಿ ಹತ್ತು ಜನಕ್ಕೆ ‘ಉನ್ನು’ ಎಂಬ ಬೇರೆ ಮಾತಿದೆ. ನಾವು ‘ಗಳು’ ಸೇರಿಸುವ ಕಡೆ ಇವರು ‘ಡೆಮ್’ ಸೇರಿಸುತ್ತಾರೆ. ಇನ್ನೊಂದು ‘ನಾ’. ನಮ್ಮಲ್ಲಿ ‘ನಾ’ ಅಂದರೆ ನಾನು. ಅವನಲ್ಲಿ ‘ಮಿ ನಾ ಗೋ’ ಅಂದರೆ ನಾನು ಹೋಗುವುದಿಲ್ಲ. ನಾನು ಹೇಳಿ ತೋರಿಸಿದರೆ ಅವನು ಮೇಜು ಬಡಿದು ನಗುತ್ತಿದ್ದ.

ಡೆಲ್ರಾಯ್‌ನ ಯಂತ್ರದ ಬಾಗಿಲು ತೆರೆದ ಕೂಡಲೇ ಒಳಗಿನ ಒತ್ತುವ ಹಲಗೆ ತಾನಾಗಿ ನಿಲ್ಲಬೇಕು. ಎರಡನೆಯ ವರ್ಷ ಒಂದು ವಾರ ಅದು ನಿಲ್ಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಶಿಫ್ಟು ಶುರುವಾಗುವಾಗ ಡೆಲ್ರಾಯ್ ನಮ್ಮ ಸೂಪರ್‌ವೈಸರ್ ಗ್ರೆಗ್‌ನನ್ನು ಕರೆದು ಬಾಗಿಲು ತೋರಿಸಿದ. “ಡಿ ಗೇಟ್ ಬ್ರಕ್. ಮಿ ನಾ ರನ್ ಇಟ್,” ಎಂದ. ಮುರಿದಿದೆ, ನಾನು ಓಡಿಸುವುದಿಲ್ಲ. ನಾನು ಮೂರು ಅಡಿ ದೂರದಲ್ಲಿದ್ದೆ.

“ರಿಪೇರಿಯವನು ನಾಳೆ ಬರ್ತಾನೆ,” ಎಂದ ಗ್ರೆಗ್. “ಇಷ್ಟವಿಲ್ಲದಿದ್ದರೆ ಮನೆಗೆ ಹೋಗು. ಆದರೆ ನಾಳೆ ಬರಬೇಡ.”

ಡೆಲ್ರಾಯ್ ನನ್ನ ಕಡೆ ಒಮ್ಮೆ ನೋಡಿದ. ಎಂಜಿನಿಯರ್ ಆದ ನನಗೆ ಆ ಬಾಗಿಲಿನ ಅಪಾಯ ಅವರಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ರಟ್ಟು ಮಡಿಸುತ್ತಾ ತಲೆ ತಗ್ಗಿಸಿದೆ. ಅವನು ಕೈಗವಸು ಹಾಕಿಕೊಂಡ.

ಊಟದ ಹೊತ್ತಿಗೆ ಮುಂಚೆ ರಟ್ಟು ಸಿಕ್ಕಿಹಾಕಿಕೊಂಡಿತು. ಬಿಡಿಸಲು ಅವನು ಒಳಗೆ ಬಾಗಿದ. ಯಂತ್ರದ ಸದ್ದು ಬದಲಾದದ್ದು ಕೇಳಿ ಓಡಿಹೋಗಿ ಕೆಂಪು ಗುಂಡಿ ಒತ್ತಿದವನು ನಾನೇ. ಆಂಬುಲೆನ್ಸ್ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಎರಡು ದಿನದ ಮೇಲೆ ಸುರಕ್ಷತೆಯ ಇನ್‌ಸ್ಪೆಕ್ಟರ್ ಬಂದರು. ಗ್ರೆಗ್ ಅವರಿಗೆ, ಡೆಲ್ರಾಯ್ ‘ಮಿ ನೌ ರನ್ ಇಟ್’ ಎಂದಿದ್ದ, ಈಗಲೇ ಓಡಿಸುತ್ತೇನೆ ಎಂದು ಒಪ್ಪಿದ್ದ ಎಂದು ಹೇಳಿದ್ದ. ನಾ ಹೋಗಿ ನೌ ಆಗಿತ್ತು. ಇನ್‌ಸ್ಪೆಕ್ಟರ್ ನನ್ನನ್ನು ಕೂರಿಸಿ, “ನೀವು ಹತ್ತಿರ ಇದ್ರಿ. ಅವರ ಮಾತು ನಿಮಗೆ ಅರ್ಥವಾಗುತ್ತಾ?” ಎಂದು ಕೇಳಿದರು. ಗಾಜಿನ ಆಚೆ ಗ್ರೆಗ್ ನಿಂತಿದ್ದ.

“ಅಷ್ಟಾಗಿ ತಿಳಿಯೋದಿಲ್ಲ. ಯಂತ್ರದ ಗಲಾಟೆ ಬೇರೆ,” ಎಂದೆ.

ಸಾವಾದ ಒಂಬತ್ತನೆಯ ದಿನ ಜಮೈಕಾದವರು ಸತ್ತವರ ಮನೆಯಲ್ಲಿ ಸೇರುತ್ತಾರೆ. ಸಂಜೆ ನಾನು ಹೆಂಡತಿ ಸುಧಾ ಜೊತೆ ಹೋದೆ. ನಮ್ಮಲ್ಲಿ ಇಂಥ ದಿನಗಳಲ್ಲಿ ಪಿಸುಮಾತು. ಅಲ್ಲಿ ಹಾಡು, ಕರಿದ ಮೀನಿನ ವಾಸನೆ, ಬೇಸ್‌ಮೆಂಟಿನಲ್ಲಿ ಡಾಮಿನೋ ಆಟದ ಪಟಪಟ. ನನಗೆ ಒಳಗೇ ಇರಿಸುಮುರಿಸಾಯಿತು. ಅಷ್ಟರಲ್ಲಿ ಡೆಲ್ರಾಯ್‌ನ ಹೆಂಡತಿ ಮರ್ಲೀನ್, ಮಂಚ ಸರಿಸಲು ಒಂದು ಕೈ ಕೊಡು ಎಂದು ನನ್ನನ್ನು ಕರೆದಳು. ಸತ್ತವನ ಕೋಣೆಯ ಸಾಮಾನುಗಳ ಜಾಗ ಬದಲಿಸಬೇಕಂತೆ. ಅವನು ಹಿಂತಿರುಗಿ ಬಂದರೆ ಗುರುತು ಸಿಗದೆ ಹೊರಟುಹೋಗಲಿ ಎಂದು. ಹಾಡುವವರೆಲ್ಲ ಅವನನ್ನು ಎಷ್ಟು ಕಷ್ಟಪಟ್ಟು ಕಳಿಸಿಕೊಡುತ್ತಿದ್ದಾರೆ ಎಂದು ಆಗ ತಿಳಿಯಿತು.

ಮಂಚ ಇಳಿಸಿದ ಮೇಲೆ ಮರ್ಲೀನ್ ಕೇಳಿದಳು: “ಫ್ಯಾಕ್ಟರಿಯಲ್ಲಿ ತನ್ನ ಮಾತು ಎರಡನೇ ಸಲ ಹೇಳಿಸದೆ ತಿಳಿಯುವವನು ನೀನೊಬ್ಬನೇ ಅಂತ ಹೇಳ್ತಿದ್ದ. ಅವನು ಒಪ್ಪಿಕೊಂಡೇ ಓಡಿಸಿದ ಅಂತಾರೆ. ಹೌದಾ?”

“ಇಲ್ಲ,” ಎಂದೆ. “ಓಡಿಸೋದಿಲ್ಲ ಅಂದ. ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲ ಅಂತ ಸುಳ್ಳು ಹೇಳಿದೆ.”

ಅವಳು ಬೈಯಲಿಲ್ಲ. ಮಂಚದ ಮೇಲೆ ಕೂತು ಹಾಸಿಗೆಯ ಬಟ್ಟೆಯನ್ನು ಬಹಳ ಹೊತ್ತು ಸರಿಮಾಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ವಾಪಸು ಬರುವಾಗ ಕಾರಿನಲ್ಲಿ ಎಲ್ಲವನ್ನೂ ಸುಧಾಗೆ ಹೇಳಿದೆ. “ಕೆಲಸ ಹೋಗತ್ತಲ್ಲ ರೀ,” ಎಂದಳು. ಎರಡು ಸಿಗ್ನಲ್ ದಾಟಿದ ಮೇಲೆ, “ಆದ್ರೂ ಫೋನ್ ಮಾಡಿ. ನಾಳೇನೇ ಮಾಡಿ,” ಎಂದಳು.

ಮಾಡಿದೆ. ಮೊದಲು ಯಾಕೆ ಹೇಳಲಿಲ್ಲ ಎಂದು ಇನ್‌ಸ್ಪೆಕ್ಟರ್ ಕೇಳಿದರು. ಹೆದರಿದ್ದೆ ಎಂದೆ. ಅದನ್ನೂ ಬರೆದುಕೊಂಡರು. ನನ್ನ ಶಿಫ್ಟುಗಳು ಕಡಿಮೆಯಾಗುತ್ತಾ ಬಂದು ಒಂದು ದಿನ ನಿಂತೇಹೋದವು. ಆಮೇಲೆ ಬರ್ಲಿಂಗ್ಟನ್ನಿನ ಒಂದು ವರ್ಕ್‌ಶಾಪಿನಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿದ್ದು, ನಿಜ ಹೇಳಿದ್ದಕ್ಕೆ ಬಹುಮಾನವೇನಲ್ಲ; ಎಂಟು ತಿಂಗಳು ಖಾಲಿ ಕೂತ ಮೇಲೆ.

ವರ್ಷ ಕಳೆದು ಕೋರ್ಟಿನಲ್ಲಿ ವಿಚಾರಣೆಯಾಯಿತು. ಡೆಲ್ರಾಯ್ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿ ಎಂದರು. ತುಂಬಿದ ಕೋಣೆಯಲ್ಲಿ ಎದ್ದು ನಿಂತು, ನನ್ನ ಮೈಸೂರು ನಾಲಿಗೆಯಲ್ಲಿ, “ಮಿ ನಾ ರನ್ ಇಟ್” ಎಂದೆ. ಇನ್ನೊಮ್ಮೆ ಹೇಳಿಸಿದರು. ಹೇಳಿದೆ. ಕಂಪನಿ ತಪ್ಪಿತಸ್ಥ ಎಂದು ತೀರ್ಪಾಯಿತು.

ಹೊರಗೆ ಮೆಟ್ಟಿಲ ಹತ್ತಿರ ಮರ್ಲೀನ್ ನಿಂತಿದ್ದಳು. “ನಿನ್ನ ಉಚ್ಚಾರಣೆ ಬಹಳ ಕೆಟ್ಟದು,” ಎಂದಳು. “ಅವನಿದ್ದಿದ್ದರೆ ನಗುತ್ತಿದ್ದ.”

ನನಗೂ ಅದೇ ಅನ್ನಿಸಿತ್ತು. ಭಾಷೆ ಬರುತ್ತದೆ ಅನ್ನುವುದಕ್ಕೆ ಉಚ್ಚಾರಣೆ ಅಷ್ಟೇನೂ ಮುಖ್ಯವಲ್ಲ. ಕೇಳಿದ್ದನ್ನು ಕೇಳಿದೆ ಎಂದು ಒಪ್ಪಿಕೊಳ್ಳುವ ಭಾಗ ಮಾತ್ರ ಕಲಿಯಲು ನನಗೆ ಬಹಳ ತಡವಾಯಿತು.