ಅಜ್ಜಿಯ ಪುಣ್ಯ, ಅವ್ವನ ಕೈ

ಅಜ್ಜಿಯ ಹಣೆಯ ಮೇಲಿನ ಮೂರೆಳೆ ವಿಭೂತಿ ಸಂಜೆಯವರೆಗೂ ಅಳಿಸುತ್ತಿರಲಿಲ್ಲ. ಅವ್ವನದು ಬೆಳಿಗ್ಗೆ ಎಂಟರೊಳಗೇ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿರುತ್ತಿತ್ತು. ಒಬ್ಬಳು ಪಡಸಾಲೆಯಲ್ಲಿ ಕೂತಿರುತ್ತಿದ್ದಳು, ಇನ್ನೊಬ್ಬಳು ಒಲೆಯ ಮುಂದೆ.

ಅಜ್ಜಿಯ ಮೊದಲ ವರ್ಷದ ಪುಣ್ಯತಿಥಿಗೆ ನೆನಪಿನ ಪುಸ್ತಕ ತರುತ್ತಾರಂತೆ. "ನೀ ಓದಿದಾಕಿ, ಅಜ್ಜಿ ಬಗ್ಗೆ ನಾಲ್ಕು ಒಳ್ಳೆ ಮಾತು ಬರಿ" ಎಂದು ದೊಡ್ಡಪ್ಪ ಹೇಳಿದರು. ಒಳ್ಳೆಯ ಮಾತು ಬೇಕಾದಷ್ಟಿವೆ. ಆದರೆ ಅವಷ್ಟನ್ನೇ ಬರೆಯಲು ನನ್ನಿಂದಾಗದು. ಇದನ್ನು ಅವರು ಅಚ್ಚು ಹಾಕಿಸಲಾರರು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮಂಡಿಪೇಟೆಯಲ್ಲಿ ನಮ್ಮದು ಮೆಣಸಿನಕಾಯಿ ಅಂಗಡಿ. ಅದರ ಹಿಂದೆಯೇ ಮನೆ. ಅಜ್ಜಿ ನಸುಕಿಗೇ ಎದ್ದು ಮಿಂದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿ ಕೂತರೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ಓಡಾಡಬೇಕಿತ್ತು. ಪೂಜೆ ಮುಗಿಸಿ ಬಾಗಿಲ ಬಳಿ ಬಂದು ಕೂರುವಳು. ಮೂಟೆ ಇಳಿಸಲು ಬಂದ ಹಮಾಲರು, ಹದಡಿ ಕಡೆಯಿಂದ ಗಾಡಿ ಹೊಡೆದುಕೊಂಡು ಬಂದ ರೈತರು, ದಾರಿ ತಪ್ಪಿದ ಮುದುಕರು, ಯಾರು ಕಂಡರೂ ಒಂದೇ ಮಾತು: "ಬರ್ರಿ, ಕೂಡ್ರಿ, ಉಂಡು ಹೋಗ್ರಿ." ಆಮೇಲೆ ಒಳಗೆ ತಿರುಗಿ, "ಇನ್ನೂ ನಾಲ್ಕು ಮಂದಿಗೆ ಆಗೋವಷ್ಟು ರೊಟ್ಟಿ ತಟ್ಟವ್ವ."

ಅಜ್ಜಿ ಕರುಣೆಯ ವೇಷ ಹಾಕಿದವಳಲ್ಲ. ಹಾಗಿದ್ದಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ನಮ್ಮ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಸಾಬರ ಹೆಂಡತಿ ಹಾಸಿಗೆ ಹಿಡಿದಾಗ, ವಾರಕ್ಕೊಮ್ಮೆ ಹೋಗಿ ಆಕೆಯ ತಲೆಗೆ ಸೀಗೆಕಾಯಿ ಹಚ್ಚಿ ತೊಳೆದು ಬರುತ್ತಿದ್ದಳು. ನೆಂಟರಲ್ಲಿ ಯಾರೋ ಗೊಣಗಿದ್ದಕ್ಕೆ, "ಬ್ಯಾನಿಗೆ ಯಾವ ಜಾತಿನಪ್ಪ?" ಎಂದು ಬಾಯಿ ಮುಚ್ಚಿಸಿದ್ದಳು. ಆ ಕೆಲಸವನ್ನು ತನ್ನ ಕೈಯಾರೆ ಮಾಡಿದಳು. ಸುಳ್ಳು ಹೇಳಲಾರೆ.

ಆದರೆ ಊರಿಗೆ ಹಾಕಿದ ಅನ್ನ ಅವಳ ಕೈಯದಲ್ಲ.

ನನಗೆ ಆಗ ಒಂಬತ್ತು ವರ್ಷ. ಅವ್ವ ಐದು ತಿಂಗಳ ಬಸುರಿ. ಅವತ್ತು ಸೋಮವಾರ. ಬೆಳಿಗ್ಗೆಯೇ ಅವ್ವ ಗೋಡೆ ಹಿಡಿದು ನಡೆಯುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಬಸ್‌ಸ್ಟ್ಯಾಂಡಿನಿಂದ ಹನ್ನೊಂದು ಜನರನ್ನು ಕರೆದುಕೊಂಡು ಬಂದಳು. ಹರಿಹರದ ದೇವರ ದರ್ಶನ ಮುಗಿಸಿ ತಮ್ಮೂರಿಗೆ ಹೊರಟಿದ್ದವರು.

"ಅತ್ತೆ, ಬೆಳಿಗ್ಗಿಂದ ಸೊಂಟ ಹಿಡಿದೈತೆ. ಕೂರಾಕ ಆಗವಲ್ದು" ಎಂದಳು ಅವ್ವ.

"ಇವತ್ತೊಂದಿನ ಮಾಡವ್ವ. ಶಿವನ ಮಂದಿ ಬಂದಾರ, ಬರಿ ಹೊಟ್ಟೇಲಿ ಕಳಸಬ್ಯಾಡ."

ಅವ್ವ ಹಿತ್ತಲಿನ ಸೌದೆ ಒಲೆಯ ಮುಂದೆ ಕೂತಳು. ನಾನು ಹಿಟ್ಟು ನೀಡುತ್ತಿದ್ದೆ. ಎಷ್ಟನೆಯ ರೊಟ್ಟಿಯೋ ಗೊತ್ತಿಲ್ಲ, ತಟ್ಟುತ್ತಿದ್ದ ಕೈ ನಿಂತಿತು. ಅವ್ವ ಪಕ್ಕಕ್ಕೆ ವಾಲಿದಳು. ಸೀರೆಯ ಕೆಳಗಿನಿಂದ ನೆಲಕ್ಕೆ ರಕ್ತ ಹರಿಯುತ್ತಿತ್ತು. ನಾನು ಕೂಗಿಕೊಂಡೆ. ಅಪ್ಪ ಅಂಗಡಿಯಿಂದ ಓಡಿ ಬಂದು ಅವ್ವನನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಹೋದ.

ಅಜ್ಜಿ ಆಟೋದವರೆಗೆ ಬಂದಳು. ಆಟೋ ಮೂಲೆ ತಿರುಗಿದ ಮೇಲೆ ಒಳಗೆ ಹೋದಳು. ಪಡಸಾಲೆಯಲ್ಲಿ ಆ ಹನ್ನೊಂದು ಜನ ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದರು. "ಉಣ್ರಿ, ಎಲಿ ಮುಂದಿನಿಂದ ಏಳಬಾರ್ದು" ಎನ್ನುತ್ತ ಪಲ್ಯ ಬಡಿಸಿದಳು. ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಆದರೂ ಬಡಿಸಿದಳು. ನನ್ನ ಕೈಗೆ ರೊಟ್ಟಿಯ ಬುಟ್ಟಿ ಕೊಟ್ಟು, "ಹಾಕವ್ವ" ಎಂದಳು. ನಾನು ಹಾಕಿದೆ. ಅದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅವಳನ್ನೂ ಕ್ಷಮಿಸಿಲ್ಲ.

ಕೂಸು ಉಳಿಯಲಿಲ್ಲ. ಅವ್ವ ನಾಲ್ಕನೇ ದಿನ ಮನೆಗೆ ಬಂದಳು. ತಿಂಗಳು ತುಂಬುವ ಮೊದಲೇ ಮತ್ತೆ ಒಲೆಯ ಮುಂದೆ ಕೂತಳು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅಜ್ಜಿ ಮಾತ್ರ ಪ್ರತಿ ಸೋಮವಾರ ಬರಿಗಾಲಲ್ಲಿ ಬಸ್ ಹತ್ತಿ ಹರಿಹರಕ್ಕೆ ಹೋಗಿಬರಲು ಶುರು ಮಾಡಿದಳು. ತಂದ ಪ್ರಸಾದವನ್ನು ಮೊದಲು ಅವ್ವನ ಅಂಗೈಗೇ ಹಾಕುತ್ತಿದ್ದಳು. ಅವ್ವ ಕಣ್ಣಿಗೊತ್ತಿಕೊಂಡು, ತಿನ್ನದೆ, ಗುಬ್ಬಿಗಳಿಗೆ ಹಾಕಿಬಿಡುತ್ತಿದ್ದಳು.

ನಾನು ಪಿಯುಸಿ ಮುಗಿಸಿದಾಗ ಅಪ್ಪ ಓದು ಸಾಕೆಂದ. ಅಡ್ಡ ನಿಂತವಳು ಅಜ್ಜಿಯೇ. "ಓದ್ಲಿ ಬಿಡು. ಒಲಿ ಎಲ್ಲಿಗೂ ಓಡಿ ಹೋಗಲ್ಲ" ಎಂದು ಅಪ್ಪನನ್ನು ಸುಮ್ಮನಾಗಿಸಿದಳು. ನಾನು ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದ್ದು ಆ ಒಂದು ಮಾತಿನಿಂದ. ಆ ಋಣ ಇದೆ. ಕಾಲೇಜಿನಲ್ಲಿ ಕಲಿತ ಬಾಯಿಯನ್ನು ನಾನು ಮೊದಲು ಬಳಸಿದ್ದು ಅವಳ ಮೇಲೆಯೇ.

ಅವಳ ಮೊಣಕಾಲು ಸೋತಿತ್ತು. ಒಂದು ಸೋಮವಾರ ನಾನು ಜೊತೆಗೆ ಹೋಗಬೇಕಾಯಿತು. ದರ್ಶನ ಮುಗಿಸಿ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದೆವು. ನಾನು ಕೇಳಿದೆ:

"ಇಲ್ಲಿಗೆ ಯಾರ ಸಲುವಾಗಿ ಬರ್ತೀಯ ಅಜ್ಜಿ?"

"ನಿಮ್ಮೆಲ್ಲರ ಸಲುವಾಗಿ."

"ಸುಳ್ಳು. ಆ ಕೂಸಿನ ಸಲುವಾಗಿ ಬರ್ತೀಯ. ಅವತ್ತು ರೊಟ್ಟಿ ತಟ್ಟಿದ್ದು ದೇವರಾ? ತಪ್ಪಾತು ಅಂತ ಇಲ್ಲಿ ಯಾಕ ಹೇಳ್ತಿ? ಅವ್ವನ ಮುಂದೆ ಹೇಳು."

ಅಜ್ಜಿಯ ಮುಖ ಬೂದಿಯಾಯಿತು.

"ಅತ್ತೆ ಆದಾಕಿ ಸೊಸಿ ಮುಂದೆ ಹೆಂಗೆ ಹೇಳಬೇಕು? ಅದನ್ನ ನಮಗ ಯಾರೂ ಕಲಿಸ್ಲಿಲ್ಲ."

"ಈಗ ಕಲಿ" ಎಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ತಿಂಗಳೊಪ್ಪತ್ತು ನನ್ನ ಜೊತೆ ಮಾತಾಡಲಿಲ್ಲ. ಅವ್ವನ ಮುಂದೆಯೂ ಆ ಮಾತು ಆಡಲಿಲ್ಲ.

ಮುಂದೆ ನಾವು ಆವರಗೆರೆಯಲ್ಲಿ ಮನೆ ಕಟ್ಟಿಸಿಕೊಂಡು ಹೋದೆವು. ಅಲ್ಲಿಯೇ ಅಜ್ಜಿಗೆ ಲಕ್ವ ಹೊಡೆಯಿತು. ಎರಡು ವರ್ಷ ಅವಳ ಹೇಲು ಉಚ್ಚೆ ಬಳಿದದ್ದು ಅವ್ವ. ಒಂದು ಮಧ್ಯಾಹ್ನ ನಾನು ತವರಿಗೆ ಹೋಗಿದ್ದಾಗ, ಅಜ್ಜಿ ಆಡುತ್ತಿದ್ದ ಒಂದೇ ಕೈಯಿಂದ ಅವ್ವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ತುಟಿ ಅಲುಗುತ್ತಿತ್ತು. ಅವ್ವ ಬಗ್ಗಿ ಕಿವಿಗೊಟ್ಟಳು. ನಾನು ಬಾಗಿಲಲ್ಲಿ ನಿಂತೇಬಿಟ್ಟೆ. ಈಗ ಹೇಳುತ್ತಾಳೆ ಅಂದುಕೊಂಡೆ.

"ನೀರು" ಎಂದಳು ಅಜ್ಜಿ.

ಅವ್ವ ನೀರು ಕುಡಿಸಿದಳು. ನಾನು ಅಂಗಳಕ್ಕೆ ಹೋಗಿ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಅದು ದುಃಖವಲ್ಲ, ಸಿಟ್ಟು.

ಮಾರನೇ ತಿಂಗಳು ಅಜ್ಜಿ ಹೋದಳು. ನಮ್ಮಲ್ಲಿಯ ಪದ್ಧತಿಯಂತೆ ಹೂವಿನ ಮಧ್ಯೆ ಕೂರಿಸಿದ್ದರು. ಅಂಗಳ ತುಂಬ ಜನ. ಎಲ್ಲರ ಬಾಯಲ್ಲೂ ಅನ್ನಪೂರ್ಣೆ, ಮಹಾತಾಯಿ. ಅವ್ವ ಮೂಲೆಯಲ್ಲಿ ಬಂದವರಿಗೆ ಚಹಾದ ಲೋಟ ಜೋಡಿಸುತ್ತಿದ್ದಳು. ಹದಡಿಯಿಂದ ಬಂದ ಒಬ್ಬ ಮುದುಕರು ಅಜ್ಜಿಯ ಮುಂದೆ ಅಡ್ಡಬಿದ್ದು ಎದ್ದರು.

"ಬರಗಾಲದಾಗ ಈ ತಾಯಿ ಕೈ ರೊಟ್ಟಿ ತಿಂದು ಜೀವ ಹಿಡಿದೆ" ಎಂದು ಅತ್ತರು.

ನನಗೆ ತಡೆಯಲಾಗಲಿಲ್ಲ. "ಆ ರೊಟ್ಟಿ ತಟ್ಟಿದ್ದು ಅಜ್ಜಿ ಅಲ್ರಿ, ನಮ್ಮವ್ವ" ಎಂದೆ.

ದೊಡ್ಡಪ್ಪ ಕಣ್ಣು ಕೆಂಪಗೆ ಮಾಡಿಕೊಂಡು, "ಹೆಣದ ಮುಂದೆ ಇಂಥ ಮಾತಾ? ಮರ್ಯಾದಿ ಐತಾ ನಿನಗ?" ಎಂದರು. ಎಲ್ಲರೂ ಅವ್ವನ ಕಡೆ ನೋಡಿದರು. ಮಗಳಿಗೆ ಬೈದು ಅಜ್ಜಿಯ ಮಾನ ಉಳಿಸುತ್ತಾಳೆ ಎಂದೇ ಎಲ್ಲರ ಎಣಿಕೆ. ನನ್ನದೂ ಅದೇ.

ಅವ್ವ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಎದ್ದು ನಿಂತಳು.

"ಹೌದ್ರಿ. ನಾನೇ ತಟ್ಟಿದ್ದು."

ಮುದುಕರು ಜನರನ್ನು ಸರಿಸಿಕೊಂಡು ನಿಧಾನವಾಗಿ ಆ ಮೂಲೆಗೆ ನಡೆದರು. "ಗೊತ್ತಿರ್ಲಿಲ್ಲ ನನ್ನವ್ವ" ಎನ್ನುತ್ತ ಅವ್ವನ ಕಾಲಿಗೆ ಬಗ್ಗಿದರು.

ಹಿರಿಯರು ಕಾಲಿಗೆ ಬಿದ್ದರೆ ಯಾರೇ ಆದರೂ ಹಿಂದೆ ಸರಿಯುತ್ತಾರೆ. ಅವ್ವ ಸರಿಯಲಿಲ್ಲ.