ಬೆಂಕಿ ಆರಿಸುವ ಸಿಲಿಂಡರಿನ ಮೇಲ್ವಿಚಾರಕ

ಬಹರೈನಿನ ಸಿತ್ರಾದಲ್ಲಿ ನಾನು ಗುಮಾಸ್ತೆಯಾಗಿದ್ದ ಪೇಂಟ್ ಡಬ್ಬದ ಫ್ಯಾಕ್ಟರಿ ವರ್ಷ ವರ್ಷ ಬೆಳೆಯುತ್ತಿತ್ತು ಮಾರಾಯ್ರೆ. ಡಬ್ಬ ಅಲ್ಲ, ಜನ. ನಮ್ಮಂಥ ಹೊರಗಿನವರ ವೀಸಾ ನವೀಕರಣ ಆಗಬೇಕಾದರೆ ಸಂಬಳಪಟ್ಟಿಯಲ್ಲಿ ಇಂತಿಷ್ಟು ಬಹರೈನಿಗಳು ಇರಲೇಬೇಕು ಅಂತ ಕಾನೂನು. ಮ್ಯಾನೇಜರ್ ಮೊದಲು ಜನ ತರುತ್ತಿದ್ದ, ಆಮೇಲೆ ಅವರಿಗೊಂದು ಕೆಲಸ ಹುಡುಕು ಅಂತ ನನಗೆ ಹೇಳುತ್ತಿದ್ದ.

ಹಾಗೆ ಬಂದವರು ಹಾಜಿ. ಐವತ್ತು ದಾಟಿತ್ತು, ಮೀನು ಹಿಡಿಯುವುದು ಬಿಟ್ಟಿದ್ದರು. ತಲೆ ಕೆರೆದುಕೊಂಡು ಅವರನ್ನು ಬೆಂಕಿ ಆರಿಸುವ ಸಿಲಿಂಡರಿನ ಮೇಲ್ವಿಚಾರಕ ಮಾಡಿದೆ. ಸಿಲಿಂಡರ್ ಇದ್ದದ್ದು ಒಂದೇ. ಬೆಳಿಗ್ಗೆ ಅದರ ಎದುರು ಗಂಭೀರವಾಗಿ ನಿಂತು, ರಿಜಿಸ್ಟರಿನಲ್ಲಿ ಅರಬಿಯಲ್ಲಿ ‘ಉಂಟು’ ಅಂತ ಬರೆದರೆ ದಿನದ ಕೆಲಸ ಮುಗಿಯಿತು. ಮರುವರ್ಷ ಅವರಿಗೊಬ್ಬ ಸಹಾಯಕ ಬಂದ. ಅವನು ರಿಜಿಸ್ಟರ್ ಹಿಡಿದುಕೊಳ್ಳುತ್ತಿದ್ದ.

ಫೆಬ್ರವರಿಗೆ ನನ್ನ ವೀಸಾ ಮುಗಿಯಲಿಕ್ಕಿತ್ತು. ಮಾರ್ಚಿನಲ್ಲಿ ಮಗಳಿಗೆ ಈಸಾ ಟೌನಿನ ಶಾಲೆಯಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆ. ಒಬ್ಬ ಬಹರೈನಿ ಕಡಿಮೆಯಾದರೂ ನಾವು ಗಂಟುಮೂಟೆ ಕಟ್ಟಬೇಕು. ಈ ಗೋಳನ್ನು ದಿನಾ ಹಾಜಿಯ ಹತ್ತಿರವೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಸರಕಾರಿ ಕಂಪೆನಿಯದ್ದೊಂದು ಅರ್ಜಿ ತಂದರು.

"ಬೆಹನ್, ನಿನ್ನ ಇಂಗ್ಲಿಷ್ ಚಂದ. ತುಂಬಿಸಿ ಕಳಿಸ್ತೀಯಾ? ಅಲ್ಲಿ ಪೆನ್ಶನ್ ಉಂಟು," ಅಂದರು ಹಿಂದಿಯಲ್ಲಿ.

ನನಗೆ ಪಿತ್ತ ನೆತ್ತಿಗೇರಿತು. ಇಡೀ ಸಿತ್ರಾದಲ್ಲಿ ಇವರಿಗೆ ನಾನೇ ಸಿಕ್ಕಿದ್ದಾ? ನಗುತ್ತಾ ತೆಗೆದುಕೊಂಡೆ, ಡ್ರಾಯರಿಗೆ ಹಾಕಿ ಬೀಗ ಜಡಿದೆ. ಕೇಳಿದಾಗ "ಹ್ಞೂಂ, ಹೋಯಿತು" ಅಂದೆ. ಶುಕ್ರವಾರ, ಅಲ್ಲಿ ಅದೇ ರಜೆಯ ದಿನ, ಇಗರ್ಜಿಯಲ್ಲಿ ಮೊಣಕಾಲೂರಿ, ಅವರಿಗೆ ಕೆಲಸ ಸಿಗದಿರಲಿ ದೇವರೇ ಅಂತ ಬೇಡಿದೆ. ಕಳಿಸದ ಅರ್ಜಿಗೆ ಪ್ರಾರ್ಥನೆ ಬೇರೆ ಕೇಡು!

ವೀಸಾ ಆಗಿ ಪಾಸ್‌ಪೋರ್ಟ್ ಕೈಗೆ ಬಂದ ದಿನ ಹಾಜಿ ನನ್ನ ಮೇಜಿನ ಮೇಲೆ ಹಲ್ವಾದ ಡಬ್ಬಿ ಇಟ್ಟರು. ಸರಕಾರಿ ಕಂಪೆನಿಯಲ್ಲಿ ಕೆಲಸ ಸಿಕ್ಕಿತಂತೆ. ಅವರ ಮಗಳು ಇನ್ನೊಂದು ಅರ್ಜಿ ಹಾಕಿದ್ದಳಂತೆ.

"ಹೋದ ತಿಂಗಳೇ ಕರೆದಿದ್ದರು. ನಮ್ಮ ಬೆಹನ್‌ಗೆ ವೀಸಾ ಆಗಲಿ, ಮತ್ತೆ ಬರ್ತೇನೆ ಅಂದೆ. ಸಿಟ್ಟಾದರು, ಆದರೂ ಒಪ್ಪಿದರು. ನನಗೆ ಎಂತ ಕೆಲಸ ಕೊಡುವುದಂತ ಅವರೂ ಇನ್ನೂ ಹುಡುಕ್ತಾ ಇದ್ದಾರೆ."

ನಾಚಿಕೆಯಲ್ಲಿ ಸತ್ತೇ ಹೋದೆ. "ಹಾಜಿ, ನಿಮ್ಮ ಅರ್ಜಿ ನಾನು ಕಳಿಸಲೇ ಇಲ್ಲ," ಅಂದುಬಿಟ್ಟೆ.

"ಗೊತ್ತು," ಅಂದರು. "ಹಲ್ವಾ ಎಲ್ಲ ನೀನೇ ತಿನ್ನಬೇಡ, ಮಗಳಿಗೂ ಕೊಡು."